ರೋಟರ್ ಎಣ್ಣೆಯ ಮೇಲಿರಲೋ, ಅಯಸ್ಕಾಂತದ ಮೇಲೋ

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1919ರಲ್ಲಿ. ಮದನಮೋಹನ ಮಾಳವೀಯರು ಕಟ್ಟಿದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ 1919ರಲ್ಲಿ ಹೆನ್ರಿ ಜೆಫ್‌ಕಾಟ್ ಎಂಬ ಇಂಜಿನಿಯರ್, ತಿರುಗುವ ಶಾಫ್ಟ್ ಯಾಕೆ ನಡುಗುತ್ತದೆ, ಯಾವ ವೇಗದಲ್ಲಿ ಅತಿಯಾಗಿ ನಡುಗುತ್ತದೆ, ಆ ವೇಗ ದಾಟಿದ ಮೇಲೆ ಯಾಕೆ ಮತ್ತೆ ಶಾಂತವಾಗುತ್ತದೆ ಎಂಬುದರ ಲೆಕ್ಕವನ್ನು ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಎರಡು ಘಟನೆಗಳಿಗೂ ನೇರ ನಂಟೇನೂ ಇಲ್ಲ. ಆದರೆ ಯಂತ್ರದ ತಿರುಗುವ ಭಾಗವಾದ ರೋಟರಿನ ಕಂಪನ ಕಲಿಯುವವರು ಇಂದಿಗೂ ಜೆಫ್‌ಕಾಟ್‌ನ ಲೆಕ್ಕದಿಂದಲೇ ಪಾಠ ಶುರು ಮಾಡುತ್ತಾರೆ. ವಾರಾಣಸಿಯ ಆ ಹಳೆಯ ಕಾಲೇಜು 2012ರಲ್ಲಿ ಐಐಟಿ ಆಯಿತು.

ರೋಟರಿನ ವಿಚಾರ ಪುಸ್ತಕಕ್ಕೆ ಸೀಮಿತವಾಗಿರುವ ಊರು ಇದಲ್ಲ. ಒಂದು ಕಡೆ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಇದೆ. 1964ರಿಂದ ದಶಕಗಟ್ಟಲೆ ಡೀಸೆಲ್ ಇಂಜಿನ್ನುಗಳನ್ನು ಹೊರತಂದ ಕಾರ್ಖಾನೆ, ಈಗ ವಿದ್ಯುತ್ ಇಂಜಿನ್ನುಗಳನ್ನು ಮಾಡುತ್ತಿದೆ. ಇನ್ನೊಂದು ಕಡೆ, ಶಿವಪುರದ ಹತ್ತಿರ ತರನಾದಲ್ಲಿ ಬಿಎಚ್‌ಇಎಲ್‌ನ ಭಾರಿ ಯಂತ್ರಗಳ ದುರಸ್ತಿ ಘಟಕ. ದಕ್ಷಿಣಕ್ಕೆ ಹೋದರೆ ಸೋನಭದ್ರ ಜಿಲ್ಲೆಯ ಓಬ್ರಾ, ಅನಪಾರಾ, ರಿಹಂದ್ ವಿದ್ಯುತ್ ಸ್ಥಾವರಗಳು. ಇಲ್ಲೆಲ್ಲ ತಿರುಗುವ ಭಾರದ ಯಂತ್ರಗಳನ್ನು ಹೊರುತ್ತಿರುವುದು ಎಣ್ಣೆ ಅಥವಾ ಗುಂಡುಗಳ ಬೇರಿಂಗು. ಈಚಿನ ವರ್ಷಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ರೋಟರನ್ನು ಯಾವುದಕ್ಕೂ ತಾಗಿಸದೆ ಅಯಸ್ಕಾಂತದ ಬಲದಲ್ಲಿ ಗಾಳಿಯಲ್ಲಿ ನಿಲ್ಲಿಸುವ ಆಕ್ಟಿವ್ ಮ್ಯಾಗ್ನೆಟಿಕ್ ಬೇರಿಂಗ್ ಬಂದಿರುವಾಗ ಎಣ್ಣೆಯ ಹಂಗು ಇನ್ನೂ ಯಾಕೆ? ಕಂಪನದ ಕಾಟ ಅದರಿಂದ ತಪ್ಪುವುದಿಲ್ಲವೆ?

ಉತ್ತರ ಹೌದು ಎಂದೂ ಇಲ್ಲ ಎಂದೂ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಎರಡೂ ಪಕ್ಷಕ್ಕೆ ಗಟ್ಟಿ ಆಧಾರಗಳಿವೆ.

ಮೊದಲು ಕಂಪನ ಎಲ್ಲಿಂದ ಬರುತ್ತದೆ ನೋಡೋಣ. ಎಷ್ಟೇ ಜಾಗ್ರತೆಯಿಂದ ಮಾಡಿದರೂ ರೋಟರಿನ ತೂಕದ ಕೇಂದ್ರ ಅದರ ಅಕ್ಷದ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ. ಕೆಲವು ಮೈಕ್ರಾನ್ ಆಚೀಚೆ ಇದ್ದೇ ಇರುತ್ತದೆ. ತಿರುಗಿದಾಗ ಆ ಅಸಮತೋಲ ರೋಟರನ್ನು ಹೊರಗೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನಿನಲ್ಲಿ ಅಕ್ಷದಿಂದ 1 ಮೀಟರ್ ದೂರದಲ್ಲಿ 1 ಕಿಲೋ ತೂಕ ಕಳಚಿಬಿದ್ದರೆ ಹುಟ್ಟುವ ಬಲ ಸುಮಾರು 10 ಟನ್. ಈ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅಸಮತೋಲದ ಬಲ ರೋಟರಿನ ಸಹಜ ಕಂಪನದ ಲಯಕ್ಕೆ ಸರಿಹೊಂದುವ ವೇಗಕ್ಕೆ ಕ್ರಿಟಿಕಲ್ ಸ್ಪೀಡ್ ಎನ್ನುತ್ತಾರೆ. ಆ ವೇಗದಲ್ಲಿ ಶಾಫ್ಟ್ ಬಿಲ್ಲಿನಂತೆ ಬಾಗಿ ಸುತ್ತತೊಡಗುತ್ತದೆ. 1869ರಲ್ಲಿ ರ‍್ಯಾಂಕಿನ್ ಎಂಬ ದೊಡ್ಡ ಇಂಜಿನಿಯರ್ ಈ ವೇಗವನ್ನು ದಾಟಿ ಯಾವ ಶಾಫ್ಟೂ ಓಡಲಾರದು ಎಂದು ಬರೆದಿದ್ದ. ಸ್ವೀಡನ್ನಿನ ಡಿ ಲಾವಾಲ್ ತನ್ನ ಟರ್ಬೈನಿನಲ್ಲಿ ಸಪೂರ ಶಾಫ್ಟ್ ಹಾಕಿ ದಾಟಿ ತೋರಿಸಿದ. ಜೆಫ್‌ಕಾಟ್ ಅದಕ್ಕೆ ಕಾರಣ ಹೇಳಿದ: ಆ ವೇಗ ಮೀರಿದ ಮೇಲೆ ರೋಟರ್ ತನ್ನ ತೂಕದ ಕೇಂದ್ರದ ಸುತ್ತಲೇ ತಿರುಗಲು ಒಲಿಯುತ್ತದೆ, ಹಾಗಾಗಿ ನಡುಕ ಇಳಿಯುತ್ತದೆ. ದಾಟುವ ಆ ಕೆಲವು ಕ್ಷಣಗಳಲ್ಲಿ ಕಂಪನದ ಶಕ್ತಿಯನ್ನು ಹೀರಿ ತಣಿಸುವ ಏನಾದರೊಂದು ಬೇಕು. ಇಂಜಿನಿಯರುಗಳು ಅದನ್ನು ಡ್ಯಾಂಪಿಂಗ್ ಎನ್ನುತ್ತಾರೆ. ಎಣ್ಣೆಗೂ ಅಯಸ್ಕಾಂತಕ್ಕೂ ಇರುವ ವ್ಯಾಜ್ಯವೆಲ್ಲ ಈ ಡ್ಯಾಂಪಿಂಗನ್ನು ಯಾರು, ಹೇಗೆ ಕೊಡುತ್ತಾರೆ ಎಂಬುದರ ಬಗ್ಗೆ.

ಎಣ್ಣೆಯ ಬೇರಿಂಗ್ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ದೊಡ್ಡ ಟರ್ಬೈನಿನ ಬೇರಿಂಗಿನ ಒಳಮೈಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹ ಎರೆದಿರುತ್ತಾರೆ. ದುರಸ್ತಿ ಶೆಡ್ಡಿನಲ್ಲಿ ಅದನ್ನು ಕೂರಿಸುವ ಕೆಲಸ ನೋಡುವಂಥದ್ದು. ಫಿಟ್ಟರ್ ಶಾಫ್ಟಿನ ಜರ್ನಲಿಗೆ, ಅಂದರೆ ಬೇರಿಂಗಿನೊಳಗೆ ಕೂರುವ ಭಾಗಕ್ಕೆ, ನೀಲಿ ಬಣ್ಣವನ್ನು ತೆಳ್ಳಗೆ ಸವರುತ್ತಾನೆ. ಬೇರಿಂಗಿನ ಅರ್ಧ ಭಾಗವನ್ನು ಅದರ ಮೇಲಿಟ್ಟು ತುಸು ಆಚೀಚೆ ಆಡಿಸಿ ಎತ್ತುತ್ತಾನೆ. ನೀಲಿ ಹತ್ತಿದ ಕಡೆ ಲೋಹ ಉಬ್ಬಿದೆ ಎಂದರ್ಥ. ಅಲ್ಲಿ ಸ್ಕ್ರೇಪರಿನಿಂದ ಹಗುರವಾಗಿ ಕೆರೆಯುತ್ತಾನೆ, ಒರೆಸುತ್ತಾನೆ, ಮತ್ತೆ ನೀಲಿ ಸವರುತ್ತಾನೆ. ಒಳಮೈಯ ತಳಭಾಗದ ತುಂಬ ನೀಲಿ ಚುಕ್ಕೆಗಳು ಸಮನಾಗಿ ಹರಡುವ ತನಕ ಇದೇ ಕೆಲಸ. ಯಂತ್ರ ಓಡತೊಡಗಿದ ಮೇಲೆ ಈ ಲೋಹಕ್ಕೂ ಶಾಫ್ಟಿಗೂ ನಡುವೆ ಹತ್ತಾರು ಮೈಕ್ರಾನ್ ದಪ್ಪದ ಎಣ್ಣೆಯ ಪದರ ನಿಲ್ಲುತ್ತದೆ. ಟನ್ನುಗಟ್ಟಲೆ ತೂಕವನ್ನು ಅದು ಹೊರುತ್ತದೆ. ಶಾಫ್ಟ್ ನಡುಗಿದರೆ ಎಣ್ಣೆ ಹಿಂಡಿಕೊಂಡು ಆ ನಡುಕವನ್ನು ಬಿಸಿಯಾಗಿ ಬದಲಿಸಿಬಿಡುತ್ತದೆ. ಯಾವ ಸೆನ್ಸರೂ ಬೇಡ, ಯಾವ ಲೆಕ್ಕವೂ ಬೇಡ.

ಎಣ್ಣೆಗೆ ತನ್ನದೇ ದುರ್ಗುಣವೂ ಇದೆ. ಶಾಫ್ಟಿನ ಜೊತೆ ಎಣ್ಣೆಯೂ ಸುತ್ತುತ್ತದೆ, ಶಾಫ್ಟಿನ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ. ಕೆಲವು ಸಂದರ್ಭಗಳಲ್ಲಿ ಆ ಸುತ್ತು ಶಾಫ್ಟನ್ನೇ ಎಳೆದುಕೊಂಡು ಹೋಗುತ್ತದೆ. ಆಯಿಲ್ ವಿಪ್ ಎಂಬ ಈ ಕಾಟವನ್ನು ನ್ಯೂಕರ್ಕ್ ಮತ್ತು ಟೇಲರ್ 1925ರಲ್ಲಿ ವಿವರಿಸಿದರು. ಅಸಮತೋಲದ ನಡುಕವಾದರೆ ಬ್ಯಾಲೆನ್ಸಿಂಗ್ ಮಾಡಿ ಇಳಿಸಬಹುದು. ಎಣ್ಣೆಯೇ ಎಬ್ಬಿಸಿದ ನಡುಕ ಬ್ಯಾಲೆನ್ಸಿಂಗಿಗೆ ಬಗ್ಗುವುದಿಲ್ಲ. ಬೇರಿಂಗಿನ ಆಕಾರ ಬದಲಿಸಬೇಕು, ಓಲಾಡುವ ಪ್ಯಾಡುಗಳನ್ನು ಹಾಕಬೇಕು. ಅದಲ್ಲದೆ ಟ್ಯಾಂಕು, ಪಂಪು, ಕೂಲರ್, ಫಿಲ್ಟರ್, ಕರೆಂಟು ಹೋದಾಗ ಓಡಲು ಇನ್ನೊಂದು ತುರ್ತು ಪಂಪು, ಇವೆಲ್ಲ ಎಣ್ಣೆಯ ಪರಿವಾರ. ಬಿಸಿ ಹಬೆಯ ಕೊಳವೆಗಳ ಪಕ್ಕದಲ್ಲಿ ಸಾವಿರಾರು ಲೀಟರ್ ಎಣ್ಣೆ ಇಟ್ಟುಕೊಂಡು ಬಾಳುವುದೆಂದರೆ ಬೆಂಕಿಯ ಭಯ ತಪ್ಪಿದ್ದಲ್ಲ.

ಈಗ ಅಯಸ್ಕಾಂತದ ಪಕ್ಷ. ಬರಿಯ ಶಾಶ್ವತ ಅಯಸ್ಕಾಂತಗಳಿಂದ ವಸ್ತುವೊಂದನ್ನು ಎಲ್ಲ ದಿಕ್ಕಿನಲ್ಲೂ ಸ್ಥಿರವಾಗಿ ತೇಲಿಸಿ ನಿಲ್ಲಿಸಲಾಗದು ಎಂದು ಅರ್ನ್‌ಶಾ 1842ರಲ್ಲೇ ಸಾಬೀತುಪಡಿಸಿದ್ದ. ಆದ್ದರಿಂದ ವಿದ್ಯುತ್ ಕಾಂತ ಬೇಕು, ಅದರ ಕರೆಂಟನ್ನು ಕ್ಷಣಕ್ಷಣಕ್ಕೂ ತಿದ್ದುವ ನಿಯಂತ್ರಕ ಬೇಕು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಸ್ಸಿ ಬೀಮ್ಸ್ ಕಳೆದ ಶತಮಾನದ ಮೊದಲರ್ಧದಲ್ಲೇ ಪುಟ್ಟ ಉಕ್ಕಿನ ಗುಂಡುಗಳನ್ನು ಹೀಗೆ ತೇಲಿಸಿ ಊಹೆಗೂ ನಿಲುಕದ ವೇಗದಲ್ಲಿ ತಿರುಗಿಸಿದ. ಅದು ವ್ಯಾಪಾರದ ಸರಕಾದದ್ದು 1976ರಲ್ಲಿ ಫ್ರಾನ್ಸಿನಲ್ಲಿ ಎಸ್2ಎಂ ಕಂಪನಿ ಹುಟ್ಟಿದ ಮೇಲೆ. 1980ರ ದಶಕದಲ್ಲಿ ಕೆನಡಾದ ಅನಿಲ ಕೊಳವೆ ಮಾರ್ಗದ ಕಂಪ್ರೆಸರುಗಳಿಗೆ ಮ್ಯಾಗ್ನೆಟಿಕ್ ಬೇರಿಂಗ್ ಬಂತು. 2015ರಲ್ಲಿ ನಾರ್ವೆಯ ಆಸ್ಗಾರ್ಡ್ ಅನಿಲ ಕ್ಷೇತ್ರದಲ್ಲಿ ಸಮುದ್ರದ ತಳದಲ್ಲೇ ಕಂಪ್ರೆಸರ್ ಕೂರಿಸಿದಾಗ ಅದರ ರೋಟರ್ ನಿಂತದ್ದೂ ಇದರ ಮೇಲೆಯೇ. ಎಣ್ಣೆ ಬದಲಿಸಲು ಸಮುದ್ರದ ತಳಕ್ಕೆ ಯಾರು ಇಳಿಯುತ್ತಾರೆ?

ಕೆಲಸದ ಬಗೆ ಹೀಗೆ. ರೋಟರಿನ ಸುತ್ತ ವಿದ್ಯುತ್ ಕಾಂತಗಳು, ನಡುವೆ ಅರ್ಧ ಮಿಲಿಮೀಟರ್ ಆಸುಪಾಸಿನ ಅಂತರ. ಸೆನ್ಸರುಗಳು ರೋಟರ್ ಎಲ್ಲಿದೆ ಎಂದು ಸೆಕೆಂಡಿಗೆ ಸುಮಾರು ಹತ್ತು ಸಾವಿರ ಸಲ ಹೇಳುತ್ತಿರುತ್ತವೆ. ಕಾಂತದ ಸೆಳೆತಕ್ಕೆ ಒಂದು ಕೆಟ್ಟ ಗುಣವಿದೆ: ರೋಟರ್ ಹತ್ತಿರ ಬಂದಷ್ಟೂ ಅದು ಹೆಚ್ಚುತ್ತದೆ, ಅಂತರ ಅರ್ಧವಾದರೆ ನಾಲ್ಕು ಪಟ್ಟು. ತನ್ನಷ್ಟಕ್ಕೆ ಬಿಟ್ಟರೆ ರೋಟರ್ ಒಂದು ಕಡೆಗೆ ಅಂಟಿಕೊಂಡುಬಿಡುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿದವನು ಕೋಲು ವಾಲತೊಡಗಿದೊಡನೆ ಕೈ ಸರಿಸುವಂತೆ, ನಿಯಂತ್ರಕ ಕರೆಂಟನ್ನು ತಿದ್ದುತ್ತಲೇ ಇರಬೇಕು. ಪ್ರಯೋಗಾಲಯದಲ್ಲಿ ಸ್ವಿಚ್ ಹಾಕಿದಾಗ ರೋಟರ್ ಸಣ್ಣದೊಂದು ಟಕ್ ಶಬ್ದದೊಡನೆ ಮೇಲೇಳುತ್ತದೆ. ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನ ಮೇಲಿದ್ದಂತೆ ಎದುರೊತ್ತುತ್ತದೆ, ಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತದೆ. ಆ ಸ್ಪ್ರಿಂಗಿನ ಬಿಗುವೂ ಅದರ ಡ್ಯಾಂಪಿಂಗೂ ಕಂಪ್ಯೂಟರಿನಲ್ಲಿ ಬರೆದ ಅಂಕಿಗಳು. ಕ್ರಿಟಿಕಲ್ ಸ್ಪೀಡ್ ದಾಟುವಾಗ ಬೇಕಾದರೆ ಅವನ್ನು ಬದಲಿಸಬಹುದು. ಎಣ್ಣೆಯ ಬೇರಿಂಗಿಗೆ ಒಮ್ಮೆ ಕೆರೆದು ಕೂರಿಸಿದ ಮೇಲೆ ಈ ಸೌಲಭ್ಯವಿಲ್ಲ.

ಇನ್ನೊಂದು ದೊಡ್ಡ ಅನುಕೂಲವಿದೆ. ರೋಟರ್ ಒಂದು ಸುತ್ತಿಗೆ ಒಮ್ಮೆ ಆಡುವ ಓಲಾಟವನ್ನು ಲೆಕ್ಕಿಸಬೇಡ ಎಂದು ನಿಯಂತ್ರಕಕ್ಕೆ ಹೇಳಿಬಿಡಬಹುದು. ಆಗ ಅದು ಅಸಮತೋಲದ ವಿರುದ್ಧ ಸೆಣಸುವುದನ್ನು ನಿಲ್ಲಿಸುತ್ತದೆ, ರೋಟರ್ ತನ್ನ ತೂಕದ ಕೇಂದ್ರದ ಸುತ್ತ ಆರಾಮವಾಗಿ ತಿರುಗುತ್ತದೆ, ನೆಲಕ್ಕೆ ನಡುಕ ಹೋಗುವುದಿಲ್ಲ. ಮಾರಾಟಗಾರರು ಕಂಪನವೇ ಇಲ್ಲದ ಯಂತ್ರ ಎನ್ನುವುದು ಇದನ್ನೇ. ಮಾತು ಅರ್ಧ ನಿಜ. ಅಡಿಪಾಯಕ್ಕೆ ತಲುಪುವ ಬಲ ಇಳಿದಿದೆ. ರೋಟರಿನ ಓಲಾಟ ಅಲ್ಲೇ ಇದೆ. ಕಡಿಮೆ ವೇಗದಲ್ಲಿ, ಕ್ರಿಟಿಕಲ್ ಸ್ಪೀಡಿನ ಹತ್ತಿರ, ಈ ಉಪಾಯವನ್ನು ಹಾಗೇ ಬಳಸಲೂ ಬರುವುದಿಲ್ಲ. ಅಸಮತೋಲ ಹೆಚ್ಚಾದರೆ ಬ್ಯಾಲೆನ್ಸಿಂಗ್ ಮಾಡಲೇಬೇಕು.

ಎದುರು ಪಕ್ಷದವರ ಮೊದಲ ಆಕ್ಷೇಪ ಹೊರುವ ತಾಕತ್ತಿನದು. ಕಬ್ಬಿಣ ಒಂದು ಮಿತಿಗಿಂತ ಹೆಚ್ಚು ಕಾಂತತ್ವ ಹಿಡಿಯದು. ಆ ಮಿತಿಯಿಂದಾಗಿ ಮ್ಯಾಗ್ನೆಟಿಕ್ ಬೇರಿಂಗ್ ಒಂದು ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋ ಹೊತ್ತರೆ, ಒಳ್ಳೆಯ ಎಣ್ಣೆಯ ಬೇರಿಂಗ್ 20-30 ಕಿಲೋ ಹೊರುತ್ತದೆ. ಅಷ್ಟೇ ತೂಕಕ್ಕೆ ಮ್ಯಾಗ್ನೆಟಿಕ್ ಬೇರಿಂಗ್ ದೊಡ್ಡದಾಗಬೇಕು, ಶಾಫ್ಟ್ ಉದ್ದವಾಗಬೇಕು. ಶಾಫ್ಟ್ ಉದ್ದವಾದರೆ ಬಾಗುವುದು ಸುಲಭ, ಕ್ರಿಟಿಕಲ್ ಸ್ಪೀಡ್ ಕೆಳಗಿಳಿಯುತ್ತದೆ. ಒಂದು ಕಡೆ ಗೆದ್ದದ್ದನ್ನು ಇನ್ನೊಂದು ಕಡೆ ಸೋತಂತೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು, ಹೊರಗಿನವರು ಸಾಮಾನ್ಯವಾಗಿ ಗಮನಿಸದೆ ಹೋಗುವಂಥದ್ದು. ಎಣ್ಣೆ ಕಂಪನವನ್ನು ತಣಿಸುವಾಗ ತಡಮಾಡುವುದಿಲ್ಲ. ನಿಯಂತ್ರಕ ಅಳೆಯಬೇಕು, ಲೆಕ್ಕ ಮಾಡಬೇಕು, ಸುರುಳಿಯಲ್ಲಿ ಕರೆಂಟು ಏರುವ ತನಕ ಕಾಯಬೇಕು. ಈ ತಡ ಮಿಲಿಸೆಕೆಂಡಿಗಿಂತ ಕಡಿಮೆಯೇ. ಆದರೆ ಶಾಫ್ಟಿನ ಬಾಗುವಿಕೆಯ ಹೆಚ್ಚಿನ ಲಯದ ಕಂಪನಗಳು ಸೆಕೆಂಡಿಗೆ ನೂರಾರು ಸಲ ಆಡುವಂಥವು. ಅಲ್ಲಿ ಅಷ್ಟು ತಡವಾದರೂ ಸಾಕು, ತಣಿಸಬೇಕಾದ ಬಲ ಎದುರು ದಿಕ್ಕಿಗೆ ಹೊರಳಿ ಕಂಪನವನ್ನು ಪೋಷಿಸತೊಡಗುತ್ತದೆ. ಬೇರಿಂಗೇ ರೋಟರನ್ನು ಕುಲುಕುವ ಸ್ಥಿತಿ ಅದು. ಸೆನ್ಸರ್ ಒಂದು ಕಡೆ, ಕಾಂತ ತುಸು ಆಚೆ ಇದ್ದು, ಬಾಗುವ ಶಾಫ್ಟಿನ ನಿಶ್ಚಲ ಬಿಂದು ಇವೆರಡರ ನಡುವೆ ಬಿದ್ದರೂ ಇದೇ ಫಜೀತಿ: ರೋಟರ್ ಮೇಲೆ ಹೋಗಿದೆ ಎಂದು ಸೆನ್ಸರ್ ಹೇಳುವಾಗ ಕಾಂತದ ಕೆಳಗೆ ಅದು ಕೆಳಕ್ಕೆ ಬಾಗಿರುತ್ತದೆ. ತಯಾರಕರ ಗಟ್ಟಿ ನೆಲದ ಮೇಲೆ ಚೆನ್ನಾಗಿ ಓಡಿದ ಯಂತ್ರ, ಗ್ರಾಹಕರ ಮಹಡಿಯ ಉಕ್ಕಿನ ತೊಲೆಗಳ ಮೇಲೆ ಕೂತಾಗ ಆ ತೊಲೆಗಳ ಕಂಪನವನ್ನೂ ತನ್ನದೆಂದುಕೊಂಡು ಪ್ರತಿಕ್ರಿಯಿಸಿ ಅಸ್ಥಿರವಾಗಬಹುದು. ಆಗ ಸ್ಪ್ಯಾನರ್ ಹಿಡಿದವನು ಏನೂ ಮಾಡಲಾರ. ನಿಯಂತ್ರಕದ ಅಂಕಿಗಳನ್ನು ತಿದ್ದಬಲ್ಲವನು ಬರಬೇಕು.

ಎರಡೂ ವಾದಗಳನ್ನು ಒರೆಗೆ ಹಚ್ಚಲು ಉತ್ತರ ಪ್ರದೇಶದ್ದೇ ಒಂದು ದುರಂತ ಇದೆ. 1993ರ ಮಾರ್ಚ್ 31ರ ನಸುಕಿನಲ್ಲಿ ಬುಲಂದ್‌ಶಹರ್ ಜಿಲ್ಲೆಯ ನರೋರಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದಲ್ಲಿ ಟರ್ಬೈನಿನ ಕಡೆಯ ಹಂತದ ಎರಡು ಬ್ಲೇಡುಗಳು ದಣಿವಿನಿಂದ ಬಿರುಕುಬಿಟ್ಟು ಮುರಿದವು. ಅವು ಪಕ್ಕದ ಬ್ಲೇಡುಗಳನ್ನೂ ಕಡಿದು ಹಾಕಿದವು. ಸಮತೋಲ ತಪ್ಪಿದ ರೋಟರ್ ಭೀಕರವಾಗಿ ನಡುಗಿತು. ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲದ ಸೀಲುಗಳು ಕಿತ್ತುಬಂದವು, ಎಣ್ಣೆಯ ಕೊಳವೆಗಳು ಒಡೆದವು, ಎರಡಕ್ಕೂ ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳಿಗೆ ಹಬ್ಬಿ ಇಡೀ ಘಟಕಕ್ಕೆ ಸುಮಾರು 17 ಗಂಟೆ ವಿದ್ಯುತ್ತೇ ಇಲ್ಲದಂತಾಯಿತು. ಸಿಬ್ಬಂದಿ ಕತ್ತಲಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿ ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಕೈಯಾರೆ ಬಿಟ್ಟರು. ಅವರ ಧೈರ್ಯದಿಂದ ಅನಾಹುತ ಅಲ್ಲಿಗೆ ನಿಂತಿತು. ಅಂತರರಾಷ್ಟ್ರೀಯ ಮಾಪಕದಲ್ಲಿ ಅದನ್ನು 3ನೇ ಹಂತದ ಘಟನೆ ಎಂದು ಗುರುತಿಸಲಾಯಿತು. ಆಮೇಲೆ ಬ್ಲೇಡುಗಳ ವಿನ್ಯಾಸವನ್ನೇ ಬದಲಿಸಿದರು.

ಅಯಸ್ಕಾಂತದ ಪಕ್ಷಪಾತಿ ಕೇಳುತ್ತಾನೆ: ಬೇರಿಂಗಿನಲ್ಲಿ ಎಣ್ಣೆಯೇ ಇಲ್ಲದಿದ್ದರೆ ಆ ಬೆಂಕಿಗೆ ಅಷ್ಟು ಉರುವಲು ಎಲ್ಲಿಂದ ಬರುತ್ತಿತ್ತು? ಪ್ರಶ್ನೆ ನ್ಯಾಯವಾದದ್ದು. ಆದರೆ ಮೊದಲು ಸೋರಿದ್ದು ಹೈಡ್ರೋಜನ್. ಅದರ ಸೀಲುಗಳಿಗೂ ಎಣ್ಣೆಯೇ ಬೇಕು. ಬೇರಿಂಗ್ ಬದಲಿಸಿದ ಮಾತ್ರಕ್ಕೆ ಆ ಎಣ್ಣೆ ಹೋಗುವುದಿಲ್ಲ. ಇನ್ನು ಬಲದ ಲೆಕ್ಕ. ಒಂದು ಮೀಟರ್ ದೂರದ ಒಂದೊಂದು ಕಿಲೋಗೂ 10 ಟನ್ ಎಂದೆನಲ್ಲ, ಕಡೆಯ ಹಂತದ ಉದ್ದನೆಯ ಬ್ಲೇಡುಗಳು ಮುರಿದು ಹಾರಿದಾಗ ಹುಟ್ಟುವ ಬಲವನ್ನು ಯಾವ ಕಾಂತವೂ ತಡೆಯಲಾರದು. ಅದರ ಕಬ್ಬಿಣ ಕ್ಷಣದಲ್ಲಿ ತನ್ನ ಮಿತಿ ಮುಟ್ಟುತ್ತದೆ, ಹತ್ತಾರು ಟನ್ನಿನ ರೋಟರ್ 3000 ಸುತ್ತಿನಲ್ಲೇ ಕೆಳಗೆ ಕೂರುತ್ತದೆ. ವೈಟ್ ಮೆಟಲ್ ಕರಗಿಯಾದರೂ ಒಂದಿಷ್ಟು ಹೊತ್ತು ಹೊರುತ್ತಿತ್ತು. ಸೆನ್ಸರುಗಳು ಮುಂಚಿತವಾಗಿ ಎಚ್ಚರಿಸುತ್ತಿದ್ದವೇ ಎಂದರೆ ಅದೂ ಅನುಮಾನ. ಬ್ಲೇಡಿನ ಬುಡದಲ್ಲಿ ಬೆಳೆಯುವ ಬಿರುಕು ಸಾಮಾನ್ಯವಾಗಿ ತುಂಡಾಗುವ ತನಕ ಶಾಫ್ಟಿನ ಕಂಪನದಲ್ಲಿ ಕಾಣಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ನರೋರಾದ ಸಾಕ್ಷ್ಯ ಹೇಳುವುದು ಇಷ್ಟು: ಎಣ್ಣೆಯ ಅಪಾಯ ನಿಜ, ಆದರೆ ಭಾರಿ ಟರ್ಬೈನಿನಲ್ಲಿ ಅದಕ್ಕೆ ಅಯಸ್ಕಾಂತ ಮದ್ದಲ್ಲ. ಅಲ್ಲಿ ಬ್ಲೇಡಿನ ಗುಣಮಟ್ಟ, ಸಕಾಲಕ್ಕೆ ಬಿಚ್ಚಿ ನೋಡುವ ಶಿಸ್ತು, ಬೆಂಕಿ ಹರಡದಂತೆ ಕೇಬಲ್ಲುಗಳನ್ನು ಬೇರೆಬೇರೆ ಇಡುವ ಎಚ್ಚರ, ಇವೇ ಕಾಯುವಂಥವು.

ಮ್ಯಾಗ್ನೆಟಿಕ್ ಬೇರಿಂಗಿನ ಬಗ್ಗೆ ಯಾರೊಡನೆ ಮಾತಾಡಿದರೂ ಮೊದಲ ಪ್ರಶ್ನೆ ಒಂದೇ: ಕರೆಂಟು ಹೋದರೆ? ವಾರಾಣಸಿಯಂಥ ಊರಿನಲ್ಲಿ, 45 ಡಿಗ್ರಿ ಮುಟ್ಟುವ ಬೇಸಿಗೆಯಲ್ಲಿ, ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರ ಜನ ಅಂದುಕೊಂಡಷ್ಟು ಭಯಂಕರವಾಗಿಲ್ಲ. ದೊಡ್ಡ ಕಂಪ್ರೆಸರುಗಳಿಗೆ ಬ್ಯಾಟರಿಯ ಬೆಂಬಲ ಇದ್ದೇ ಇರುತ್ತದೆ. ಏಸಿ ಸ್ಥಾವರಗಳ ಚಿಲ್ಲರುಗಳಲ್ಲಿ, ಉದಾಹರಣೆಗೆ 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಟರ್ಬೋಕಾರ್ ಕಂಪ್ರೆಸರಿನಲ್ಲಿ, ಇನ್ನೂ ಜಾಣ ಉಪಾಯವಿದೆ. ಕರೆಂಟು ಹೋದೊಡನೆ ಮೋಟರೇ ಜನರೇಟರ್ ಆಗುತ್ತದೆ; ತಿರುಗುತ್ತಿರುವ ರೋಟರಿನ ವೇಗವೇ ಅದು ಇಳಿಯುವ ತನಕ ಕಾಂತಗಳಿಗೆ ಕರೆಂಟು ಕೊಡುತ್ತದೆ. ಎಲ್ಲವೂ ಕೈಕೊಟ್ಟರೆ ರೋಟರ್ ಬೀಳುವುದು ಬ್ಯಾಕಪ್ ಬೇರಿಂಗಿನ ಮೇಲೆ. ಅದರ ಅಂತರ ಕಾಂತದ ಅಂತರದ ಸುಮಾರು ಅರ್ಧ, ಹಾಗಾಗಿ ಕಾಂತಕ್ಕೆ ರೋಟರ್ ತಾಗುವುದಿಲ್ಲ. ಪೂರ್ಣ ವೇಗದಲ್ಲಿ ಬಿದ್ದ ರೋಟರ್ ಕೆಲವೊಮ್ಮೆ ತಾನು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬೇರಿಂಗಿನ ಒಳಗೋಡೆಗೆ ಉಜ್ಜುತ್ತ ಸುತ್ತತೊಡಗುತ್ತದೆ. ಅದೇ ನಿಜವಾದ ಭಯ. ಬ್ಯಾಕಪ್ ಬೇರಿಂಗ್ ಅಂಥ ಬೀಳುವಿಕೆಗಳನ್ನು ಎಣಿಕೆಯಷ್ಟು ಸಲ ಮಾತ್ರ ತಡೆದೀತು. ಎಣ್ಣೆಯ ಪಕ್ಷದವರೂ ಒಂದು ಮಾತು ಒಪ್ಪಿಕೊಳ್ಳಬೇಕು: ಕರೆಂಟು ಹೋಗಿ ತುರ್ತು ಪಂಪೂ ಓಡದಿದ್ದರೆ ವೈಟ್ ಮೆಟಲ್ ಬೇರಿಂಗೂ ಉಜ್ಜಿ ಹಾಳಾಗುತ್ತದೆ. ವಿದ್ಯುತ್ತಿನ ಹಂಗು ಇಬ್ಬರಿಗೂ ಇದೆ.

ಡೀಸೆಲ್ ರೈಲು ಇಂಜಿನ್ನಿನ ಶೆಡ್ಡುಗಳಲ್ಲಿ ಟರ್ಬೋ ಪರೀಕ್ಷಿಸುವ ಹಳೆಯ ಕ್ರಮವೊಂದಿದೆ. ಇಂಜಿನ್ ನಿಲ್ಲಿಸಿ, ಟರ್ಬೋಚಾರ್ಜರಿನ ರೋಟರ್ ತಾನಾಗಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಎಣಿಸುತ್ತಾರೆ. ಬೇಗ ನಿಂತರೆ ಬೇರಿಂಗ್ ಹಿಡಿಯುತ್ತಿದೆ ಎಂದರ್ಥ. ಕಿವಿ, ಗಡಿಯಾರ, ಅನುಭವ ಸಾಕು. ಇಂಥ ಕಡೆ ಮ್ಯಾಗ್ನೆಟಿಕ್ ಬೇರಿಂಗ್ ತರುವುದು ನನಗೆ ಸರಿಕಾಣದು. ಹಳಿಯ ಜೋಡಣೆಗಳ ಮೇಲೆ ಇಂಜಿನ್ ಕುಕ್ಕಿದಾಗಲೆಲ್ಲ ಕಾಂತದ ಮನೆಯೇ ಮೇಲೆ ಕೆಳಗೆ ಹಾರುತ್ತದೆ, ರೋಟರ್ ಅದನ್ನು ಹಿಂಬಾಲಿಸಬೇಕು. ಆ ಹೊಡೆತಕ್ಕೆಂದು ಕಾಂತವನ್ನು ದೊಡ್ಡದು ಮಾಡಿದರೆ ಉಳಿದ ಹೊತ್ತೆಲ್ಲ ಅದರ ಭಾರ ಹೊತ್ತುಕೊಂಡು ತಿರುಗಬೇಕು. ಬನಾರಸ್ಸಿನಲ್ಲಿ ಈಗ ತಯಾರಾಗುವ ವಿದ್ಯುತ್ ಇಂಜಿನ್ನಿನ ಗಾಲಿಯ ಪಕ್ಕದ ಮೋಟರಿಗೂ ಇದೇ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ.

ಬನಾರಸ್ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆ ಚಿಲ್ಲರ್ ಕೊಳ್ಳುವಾಗ ಲೆಕ್ಕ ಬೇರೆ. ರೋಟರ್ ಹಗುರ, ನೆಲ ಅಲುಗದು. ಎಣ್ಣೆ ಇಲ್ಲದ ಕಂಪ್ರೆಸರಿನಲ್ಲಿ ಶೀತಕದ ಜೊತೆ ಎಣ್ಣೆ ಬೆರೆತು ಕೊಳವೆಗಳ ಒಳಗೆ ಕೂರುವ ಕಾಟವಿಲ್ಲ, ನೆಲಕ್ಕೆ ನಡುಕವೂ ಕಡಿಮೆ. ಆಸ್ಪತ್ರೆಗೆ ಸಂಬಂಧಪಟ್ಟ ಇನ್ನೊಂದು ಯಂತ್ರದಲ್ಲಂತೂ ಅಯಸ್ಕಾಂತ ಪ್ರಾಣವನ್ನೇ ಕಾಯುತ್ತಿದೆ: ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಹಾರ್ಟ್‌ಮೇಟ್ 3 ಎಂಬ ಹೃದಯದ ಪಂಪಿನಲ್ಲಿ ರೋಟರ್ ಕಾಂತದಲ್ಲೇ ತೇಲುತ್ತದೆ. ಉಜ್ಜುವ ಬೇರಿಂಗ್ ಇಲ್ಲದ್ದರಿಂದ, ರಕ್ತ ಹರಿಯುವ ಸಂದು ಅಗಲವಾದ್ದರಿಂದ, ಪಂಪಿನೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಹಳೆಯ ಮಾದರಿಗಿಂತ ಬಹಳ ಇಳಿಯಿತು.

ಕಂಪನ ಅಳೆಯುವವರ ರೂಢಿಯೂ ಬದಲಾಗಬೇಕಾಗುತ್ತದೆ. ಎಣ್ಣೆಯ ಬೇರಿಂಗಿಗೆ ಒಗ್ಗಿದ ಕಣ್ಣಿಗೆ ಮ್ಯಾಗ್ನೆಟಿಕ್ ಬೇರಿಂಗಿನ ರೋಟರ್ ಕೇಂದ್ರದಿಂದ 60 ಮೈಕ್ರಾನ್ ಆಚೆ ಹೋಯಿತೆಂದರೆ ಎದೆ ಝಲ್ಲೆನ್ನುತ್ತದೆ. ಐಎಸ್‌ಒ 14839 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಭಾಗ ನೋಡುವುದು ಬೇರೆ ರೀತಿ: ರೋಟರ್ ತನಗಿರುವ ಕನಿಷ್ಠ ಅಂತರದ ಶೇ. 30ರೊಳಗೆ ಆಡಿದರೆ ಹೊಸ ಯಂತ್ರಕ್ಕೆ ಒಪ್ಪುವ ಸ್ಥಿತಿ, ಶೇ. 50 ಮೀರಿದರೆ ಅಪಾಯ. ಬ್ಯಾಕಪ್ ಬೇರಿಂಗಿನ ಅಂತರ 250 ಮೈಕ್ರಾನ್ ಇದ್ದರೆ ಮೊದಲ ಮಿತಿ 75 ಮೈಕ್ರಾನ್. ಅಂದರೆ ಆ 60 ಮೈಕ್ರಾನ್ ಆತಂಕದ ಅಂಕಿಯೇ ಅಲ್ಲ. ಆದರೆ ಇಷ್ಟಕ್ಕೆ ನೆಮ್ಮದಿಯಾಗಿ ಕೂರಬಾರದು. ಓಲಾಟ ಕಡಿಮೆ ಇದ್ದೂ ನಿಯಂತ್ರಕ ಅಸ್ಥಿರತೆಯ ಅಂಚಿನಲ್ಲಿರಬಹುದು. ಅದಕ್ಕಾಗಿಯೇ ಮಾನದಂಡದ ಮೂರನೆಯ ಭಾಗವಿದೆ. ರೋಟರನ್ನು ಬೇಕೆಂದೇ ಬೇರೆಬೇರೆ ಲಯದಲ್ಲಿ ಅಲುಗಿಸಿ, ನಿಯಂತ್ರಕ ಅದನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ಅದು ಅಳೆಯುತ್ತದೆ. 3 ಪಟ್ಟಿನೊಳಗಿದ್ದರೆ ಉತ್ತಮ, 5 ಮೀರಿದರೆ ಓಡಿಸಲೇಬಾರದು. ಎಣ್ಣೆಯ ಬೇರಿಂಗಿಗೆ ಇಂಥ ಪರೀಕ್ಷೆ ಮಾಡಲು ಬೇರೆ ಯಂತ್ರವೇ ಬೇಕು. ಇಲ್ಲಿ ಬೇರಿಂಗೇ ಕುಲುಕುತ್ತದೆ, ಬೇರಿಂಗೇ ಅಳೆಯುತ್ತದೆ. ಈ ಒಂದು ಗುಣಕ್ಕೆ ಎದುರು ಪಕ್ಷದವರೂ ತಲೆಬಾಗಬೇಕು.

ಇದೇ ಗುಣದಿಂದ ನಡುದಾರಿಯೊಂದು ತೆರೆದಿದೆ. ಮಾಮೂಲಿ ಬೇರಿಂಗುಗಳೇ ಭಾರ ಹೊರಲಿ, ಪಕ್ಕದಲ್ಲೊಂದು ಕಾಂತ ಕಂಪನವನ್ನು ತಣಿಸಲಿ, ಶಾಫ್ಟಿನ ದೋಷ ಪತ್ತೆಹಚ್ಚಲಿ ಎಂಬ ವಿಚಾರ ಅದು. ಗುವಾಹಟಿ ಐಐಟಿಯವರು ಇದರ ಬೆನ್ನು ಹತ್ತಿದ್ದಾರೆ. ಬಾಗುವ ರೋಟರುಗಳಲ್ಲಿ ಮ್ಯಾಗ್ನೆಟಿಕ್ ಬೇರಿಂಗಿನ ಬಳಕೆ ಕುರಿತು ಅವರೂ ಬೆಂಗಳೂರಿನ ಎಚ್‌ಎಎಲ್ ಹೆಲಿಕಾಪ್ಟರ್ ವಿನ್ಯಾಸ ಕೇಂದ್ರದವರೂ ಸೇರಿ 2018ರಲ್ಲಿ ವಿಸ್ತಾರವಾದ ಸಮೀಕ್ಷೆ ಪ್ರಕಟಿಸಿದರು. ಬೆಂಗಳೂರಿನ ಎನ್‌ಎಎಲ್ ಈ ಬೇರಿಂಗುಗಳನ್ನು ದೇಶದಲ್ಲೇ ಮಾಡುವ ಪ್ರಯತ್ನವನ್ನು ಎರಡು ದಶಕಗಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ಅವರ ಜೊತೆ ಬೆಳಗಾವಿಯ ಗೋಗಟೆ ತಾಂತ್ರಿಕ ಕಾಲೇಜಿನವರು ಶಾಶ್ವತ ಅಯಸ್ಕಾಂತದ ಬೇರಿಂಗುಗಳ ಬಿಗುವಿನ ಲೆಕ್ಕಗಳನ್ನು ಮಾಡಿದ್ದಾರೆ. ಅವಕ್ಕೆ ಕರೆಂಟೇ ಬೇಡ. ಆದರೆ ಅರ್ನ್‌ಶಾನ ಮಾತಿನಂತೆ ಒಂದು ದಿಕ್ಕಿಗಾದರೂ ಬೇರೆ ಆಸರೆ ಬೇಕು, ಡ್ಯಾಂಪಿಂಗ್ ತೀರ ಕಡಿಮೆ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ರೋಟರ್ ಹಗುರವಾಗಿದ್ದು, ವೇಗ ಹೆಚ್ಚಿದ್ದು, ಎಣ್ಣೆ ಬೆರೆಯುವುದೇ ದೊಡ್ಡ ತೊಂದರೆಯಾಗಿರುವ ಕಡೆ ಮ್ಯಾಗ್ನೆಟಿಕ್ ಬೇರಿಂಗ್ ಬರಲಿ. ಚಿಲ್ಲರು, ಅನಿಲದ ಕಂಪ್ರೆಸರು, ನಿರ್ವಾತದ ಪಂಪುಗಳಲ್ಲಿ ಅದು ತನ್ನ ಬೆಲೆಯನ್ನು ದುಡಿದು ತೀರಿಸುತ್ತದೆ. ಓಬ್ರಾದಂಥ ಕಡೆಯ ಭಾರಿ ಟರ್ಬೈನು, ರೈಲು ಇಂಜಿನ್ನು ಎಣ್ಣೆ ಮತ್ತು ಗುಂಡುಗಳ ಮೇಲೇ ಇರಲಿ. ನೀಲಿ ಸವರಿ ಕೆರೆಯಬಲ್ಲ ಕೈಗಳನ್ನು ತರನಾದಂಥ ದುರಸ್ತಿ ಘಟಕಗಳು ತರಬೇತಿ ಕೊಟ್ಟು ಉಳಿಸಿಕೊಳ್ಳಲಿ. ಎರಡರಲ್ಲೂ ಕಂಪನ ಹೋಗುವುದಿಲ್ಲ. ಒಂದರಲ್ಲಿ ಅದರ ಹೊಣೆ ಎಣ್ಣೆಯದು, ಇನ್ನೊಂದರಲ್ಲಿ ನಿಯಂತ್ರಕ ಬರೆದವನದು. ನಿಯಂತ್ರಕ ಬರೆದವನು ಪರದೇಶದಲ್ಲಿ ಕೂತು, ಅದರ ಅಂಕಿಗಳು ಬೀಗದೊಳಗಿದ್ದರೆ, ಕೊಂಡವರು ಪ್ರತಿ ನಡುಕಕ್ಕೂ ಅವನ ದಾರಿ ಕಾಯಬೇಕು. ಈ ವಿದ್ಯೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ, ಅದು ಅಯಸ್ಕಾಂತದ ತಪ್ಪಲ್ಲ.

ಹಾಗಾಗಿ ಮ್ಯಾಗ್ನೆಟಿಕ್ ಬೇರಿಂಗಿನ ಯಂತ್ರ ಕೊಳ್ಳುವ ಆಸ್ಪತ್ರೆ, ಕಾರ್ಖಾನೆ, ಸರಕಾರಿ ಇಲಾಖೆಯವರಲ್ಲಿ ಒಂದು ಕೋರಿಕೆ. ಟೆಂಡರಿನಲ್ಲೇ ಮೂರು ವಿಷಯ ಬರೆಸಿಕೊಳ್ಳಿ: ಯಂತ್ರ ನಿಮ್ಮ ನೆಲದ ಮೇಲೆ ಕೂತ ಮೇಲೆ ಐಎಸ್‌ಒ 14839ರ ಎರಡೂ ಪರೀಕ್ಷೆಗಳನ್ನು ನಿಮ್ಮೆದುರೇ ಮಾಡಿ ತೋರಿಸಬೇಕು, ರೋಟರ್ ಪೂರ್ಣ ವೇಗದಲ್ಲಿ ಎಷ್ಟು ಸಲ ಬಿದ್ದ ಮೇಲೆ ಬ್ಯಾಕಪ್ ಬೇರಿಂಗ್ ಬದಲಿಸಬೇಕೆಂದು ಲಿಖಿತವಾಗಿ ಕೊಡಬೇಕು, ನಿಯಂತ್ರಕದ ಅಂಕಿಗಳನ್ನು ನಿಮ್ಮ ಇಂಜಿನಿಯರಿಗೆ ಒಪ್ಪಿಸಿ, ತಿದ್ದುವುದನ್ನು ಕಲಿಸಬೇಕು. ಇದಕ್ಕೆ ಒಪ್ಪದ ಕಂಪನಿಯ ಯಂತ್ರವನ್ನು, ಬೆಲೆ ಎಷ್ಟೇ ಕಡಿಮೆ ಇರಲಿ, ಕೊಳ್ಳಬೇಡಿ.